ಒಂದು ಹನಿಯೂ ಸೋರದ ಜಾಡಿ

ಹನಿಯಣ್ಣ ರಿಪೇರಿ ಮಾಡಿದ ನಲ್ಲಿ ಸೋರುತ್ತದೆ ಎಂದರೆ ಅದು ಅನ್ಯಾಯದ ಮಾತು. ಧಾರೆಯಾಗಿ ಸುರಿಯುವ ನಲ್ಲಿಯ ಬಾಯನ್ನು ಅವನು ಅರ್ಧ ಗಂಟೆಯಲ್ಲಿ ಮುಚ್ಚಿಸುತ್ತಿದ್ದ. ಒಂದು ಹನಿ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಸ್ಪ್ಯಾನರು, ಗರಗಸ, ವಾಷರುಗಳನ್ನೆಲ್ಲ ಚೀಲಕ್ಕೆ ತುಂಬಿ, ಮನೆಯಾಕೆ ಕೊಟ್ಟ ಚಹಾ ಕುಡಿದು, ಹೊಸ್ತಿಲಾಚೆ ಒಂದು ಕಾಲಿಟ್ಟ ಹೊತ್ತಿಗೆ ಸರಿಯಾಗಿ ಒಳಗಿಂದ 'ಟಪ್' ಎಂದು ಕೇಳುತ್ತಿತ್ತು. ಎರಡು ನಿಮಿಷ ಮೌನ. ಆಮೇಲೆ ಇನ್ನೊಂದು 'ಟಪ್'. ಇಪ್ಪತ್ತಾರು ವರ್ಷ ಬೆನ್ನು ಬಗ್ಗಿಸಿ ದುಡಿದು ಅವನು ಸಂಪಾದಿಸಿದ್ದೆಂದರೆ ಹನಿಯಣ್ಣ ಎಂಬ ಆ ಹೆಸರು.

ಇಂಥವನ ಕೈಗೆ ಚರ್ಚಿನ ಬಟ್ಟಲುಗಳಿಡುವ ಬೀರುವಿನ ಬೀಗದ ಕೈ ಬಂದದ್ದು ಅವನ ಅಕ್ಕನ ಕೈ ನಡುಗಿದ್ದರಿಂದ.

ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ತಮ್ಮನನ್ನು ಸಾಕಿದವಳು. ಮದುವೆಯೆಂಬುದು ಇಬ್ಬರ ಪಾಲಿಗೂ ತಪ್ಪು ವಿಳಾಸಕ್ಕೆ ಹೋದ ಕಾಗದದಂತೆ ಬಾರದೆಯೇ ಉಳಿದಿತ್ತು. ಚರ್ಚಿನ ಬೀದಿಯ ಕೊನೆಯಲ್ಲಿ ಎರಡು ಕೋಣೆ, ಹಿಂದೆ ಕೊಳವೆ ಸಾಮಾನಿನ ಒಂದು ತಗಡಿನ ಶೆಡ್ಡು; ಅಷ್ಟರಲ್ಲಿ ಇಬ್ಬರ ಬದುಕು. ಪ್ರತಿ ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನ. ಆ ದಿನ ಸಭೆಯ ಪ್ರತಿಯೊಬ್ಬರಿಗೂ ಒಂದು ಚೂರು ರೊಟ್ಟಿ, ಹೆಬ್ಬೆರಳ ಗಾತ್ರದ ಲೋಹದ ಬಟ್ಟಲಿನಲ್ಲಿ ಒಂದು ಗುಟುಕು ದ್ರಾಕ್ಷಾರಸ. ಆ ರಸವನ್ನು ಮೂವತ್ತೊಂದು ವರ್ಷಗಳಿಂದ ಮನೆಯಲ್ಲಿ ಒಣದ್ರಾಕ್ಷಿಯಿಂದ ಮಾಡುತ್ತಿದ್ದವಳು ಅಕ್ಕ. ಒಂದು ಭಾನುವಾರ ಬಟ್ಟಲಿಗೆ ಬಗ್ಗಿಸುವಾಗ ಕೈ ನಡುಗಿ ಮೇಜಿನ ಬಿಳಿ ಬಟ್ಟೆಯ ಮೇಲೆ ಅಂಗೈಯಗಲ ಕೆಂಪು ಕಲೆಯಾಯಿತು. ಸಭೆಯ ಹಿರಿಯರು ಕೂತು ಗಂಭೀರವಾಗಿ ಚರ್ಚಿಸಿದರು.

"ಅಕ್ಕಾ, ನೀವಿನ್ನು ವಿಶ್ರಾಂತಿ ತಗೊಳ್ಳಿ. ತಮ್ಮನಿಗೆ ಕಲಿಸಿಬಿಡಿ," ಎಂದರು ಅಯ್ಯನವರು. ಅಯ್ಯನವರೆಂದರೆ ಸಭೆಯ ಪಾದ್ರಿ, ಮೆತ್ತಗಿನ ಮನುಷ್ಯ. ಬೇಡ ಎನ್ನುವುದನ್ನೂ ಬೇಕು ಎನ್ನುವ ದನಿಯಲ್ಲೇ ಹೇಳುವವರು.

"ಇವನಿಗಾ?" ಎಂದಳು ಅಕ್ಕ.

ಆ 'ಇವನಿಗಾ?' ಎಂಬ ಮಾತಿಗೆ ಹನಿಯಣ್ಣ ಹುಟ್ಟಿದಂದಿನಿಂದ ಒಗ್ಗಿಹೋಗಿದ್ದ. ಅಕ್ಕ ಬಯ್ಯುತ್ತಿದ್ದಳೆಂದಲ್ಲ. ಹೊಗಳುತ್ತಿರಲಿಲ್ಲ. ಅವನು ಕಟ್ಟಿದ ಕಪಾಟು, ಹಾಕಿದ ಕೊಳವೆ, ಕುದಿಸಿದ ಚಹಾ, ಯಾವುದಕ್ಕೇ ಆಗಲಿ ಅವಳ ಅತ್ಯುನ್ನತ ಪ್ರಶಸ್ತಿ 'ಪರವಾಗಿಲ್ಲ.' ಐವತ್ತೆರಡು ವರ್ಷದ ಈ ಮನುಷ್ಯನಿಗೆ ಲೋಕದಲ್ಲಿ ಉಳಿದಿದ್ದ ಆಸೆ ಒಂದೇ: ಅಕ್ಕನ ಬಾಯಿಂದ ಒಂದು ಸಲ 'ಚೆನ್ನಾಗಿದೆ' ಅನ್ನಿಸಿಕೊಳ್ಳಬೇಕು. ನಗಬೇಡಿ. ರಾಜ್ಯಕ್ಕಾಗಿ ಯುದ್ಧ ಮಾಡಿದವರಲ್ಲೂ ಎಷ್ಟೋ ಜನರ ಆಸೆ ಒಳಗೊಳಗೆ ಇಷ್ಟೇ ಇದ್ದಿರಬಹುದು.

ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಲೇ ವಿಧಾನ ಹೇಳಿದಳು. ದ್ರಾಕ್ಷಿ ತೊಳೆಯಬೇಕು, ಜಜ್ಜಬೇಕು, ಕುದಿಸಿ ಆರಿಸಿದ ನೀರು ಹಾಕಬೇಕು, ಸಕ್ಕರೆ ಇಷ್ಟು, ಯೀಸ್ಟು ಚಿಟಿಕೆ, ಪಿಂಗಾಣಿ ಜಾಡಿಯಲ್ಲಿ ಇಪ್ಪತ್ತೊಂದು ದಿನ. ಅವನು ವಾಷರು ಪೊಟ್ಟಣದ ಹಿಂದೆ ಬರೆದುಕೊಂಡ.

"ಅಷ್ಟೇನಾ ಅಕ್ಕ?"

ಯಂತ್ರದ ಗಾಲಿ ಒಂದು ಗಳಿಗೆ ನಿಂತಿತು. ಮತ್ತೆ ತಿರುಗಿತು.

"ಅಷ್ಟೇ ಕಣೋ."

ಹನಿಯಣ್ಣ ಆ ವಾರವಿಡೀ ನೆಲದ ಮೇಲೆ ನಡೆಯಲಿಲ್ಲ. ಕ್ಷೌರದಂಗಡಿಯಲ್ಲಿ ಕೂತು ಭಾಷಣವನ್ನೇ ಮಾಡಿದ. "ಅಕ್ಕನ ಕಾಲದ ರಸ ಬೇರೆ, ನನ್ನದು ಬೇರೆ. ನಾನು ಕೊಳವೆ ಕಲಿತವನು. ಜಾಡಿಯಿಂದ ಒಂದು ಹನಿ, ಒಂದೇ ಒಂದು ಹನಿ ಹೊರಗೆ ಬಂದ್ರೆ ನನ್ನ ಕಿವಿ ಹಿಡ್ಕೊಳ್ಳಿ."

ಜನ ನಕ್ಕರು. ಆ ನಗೆಯೇ ಅವನ ತಲೆ ಕೆಡಿಸಿತು. ಜಾಡಿಗೆ ರಸ ತುಂಬಿದವನೇ ತನ್ನ ವೃತ್ತಿಯ ಸಮಸ್ತ ವಿದ್ಯೆಯನ್ನೂ ಅದರ ಬಾಯಿಗೆ ಸುರಿದ. ಮೊದಲು ರಬ್ಬರಿನ ವಾಷರು. ಅದರ ಮೇಲೆ ಮುಚ್ಚಳ. ಮುಚ್ಚಳದ ಸುತ್ತ ಸೆಣಬಿನ ನಾರು, ನಾರಿನ ಮೇಲೆ ಮೇಣ, ಮೇಣದ ಮೇಲೆ ಬಿಳಿ ಟೇಪು ಹದಿನಾಲ್ಕು ಸುತ್ತು, ಎಲ್ಲದರ ಮೇಲೆ ಕಬ್ಬಿಣದ ಪಟ್ಟಿ ಹಾಕಿ ನಟ್ಟು ಬಿಗಿದ. ಹಡಗಿನ ತಳವನ್ನಾದರೂ ಯಾರೂ ಹಾಗೆ ಮುಚ್ಚಿರಲಾರರು. ತಲೆಕೆಳಗೆ ಮಾಡಿ ನೋಡಿದ. ಒಂದು ಹನಿ ಇಲ್ಲ. ಜೀವನದಲ್ಲಿ ಮೊದಲ ಸಲ, ಒಂದು ಹನಿ ಇಲ್ಲ! ಅವನ ಕಣ್ಣು ಒದ್ದೆಯಾಯಿತು.

ಹದಿನೆಂಟನೆಯ ದಿನ ಜಾಡಿ ಗುಂಯ್ ಎನ್ನತೊಡಗಿತು. ಹನಿಯಣ್ಣ ಕಿವಿಯಿಟ್ಟು ಕೇಳಿ, ಒಳಗೆ ರಸ ಕೀರ್ತನೆ ಹಾಡುತ್ತಿದೆ ಎಂದುಕೊಂಡ. ಭಕ್ತಿಯಿಂದ ನಟ್ಟನ್ನು ಇನ್ನೊಂದು ಸುತ್ತು ಬಿಗಿದ.

ಇಪ್ಪತ್ತೊಂದನೆಯ ದಿನ, ಪ್ರಭುಭೋಜನದ ಭಾನುವಾರ. ಅಕ್ಕ ಎಂದಿನಂತೆ ಒಂದು ಗಂಟೆ ಮೊದಲೇ ಚರ್ಚಿಗೆ ಹೋಗಿದ್ದಳು. ಹನಿಯಣ್ಣ ಹೊಸ ಅಂಗಿ ತೊಟ್ಟು ತಲೆ ಬಾಚುತ್ತಿದ್ದ. ಆಗ ಶೆಡ್ಡಿನಲ್ಲಿ ಢಮಾರ್ ಎಂದಿತು.

"ಏನ್ರೀ ಅದು?" ಎಂದು ಗೋಡೆಯಾಚೆಯಿಂದ ಪಕ್ಕದ ಮನೆಯ ನರ್ಸಮ್ಮ ಕೂಗಿದಳು.

"ಪೈಪು, ಸಿಸ್ಟರ್!"

"ಯಾವ ಪೈಪು, ಫಿರಂಗೀದಾ?"

ಅವನು ಶೆಡ್ಡಿನ ಬಾಗಿಲು ತೆರೆದ. ನಟ್ಟು ಬಿಗಿದ ಮುಚ್ಚಳ, ವಾಷರು, ನಾರು, ಟೇಪು, ಎಲ್ಲವೂ ಒಂದಕ್ಕೊಂದು ಅಪ್ಪಿಕೊಂಡು ತಗಡಿನ ಮಾಡಿಗೆ ಸಿಕ್ಕಿಕೊಂಡಿದ್ದವು. ಅವನ ಕೆಲಸದಲ್ಲಿ ಎಳ್ಳಷ್ಟೂ ಕುಂದಿರಲಿಲ್ಲ. ಕುಂದಿದ್ದದ್ದು ಜಾಡಿಯಲ್ಲಿ, ಆ ಜಾಡಿಯೇ ಈಗ ಇರಲಿಲ್ಲ. ಮೂರು ಗೋಡೆಗಳ ಮೇಲಿಂದ ಸಭೆಯ ದ್ರಾಕ್ಷಾರಸ ನಿಧಾನವಾಗಿ ಇಳಿಯುತ್ತಿತ್ತು.

ಆರಾಧನೆಗೆ ನಲವತ್ತು ನಿಮಿಷ. ಭಾನುವಾರ ಅಂಗಡಿಯಿಲ್ಲ. ಓಡಿಹೋಗಿ ಅಕ್ಕನಿಗೆ ಹೇಳಬಹುದಿತ್ತು. ಕಾಲು ಹೊರಟದ್ದು ಹಾಗೆಯೇ. ಆದರೆ 'ಇವನಿಗಾ?' ಎಂಬ ಮಾತು ಅವನಿಗಿಂತ ಮೊದಲೇ ಓಡಿ ಚರ್ಚಿನ ಬಾಗಿಲಲ್ಲಿ ನಿಂತಿತ್ತು. ಹನಿಯಣ್ಣ ಪಕ್ಕದ ಬಾಗಿಲಿಂದ ಸಾಮಾನಿನ ಕೋಣೆಗೆ ನುಗ್ಗಿದ, ಚಿಲಕ ಹಾಕಿದ, ಐವತ್ತೆರಡು ಬಟ್ಟಲುಗಳಿಗೂ ನಲ್ಲಿಯ ನೀರು ತುಂಬಿದ. ಲೋಹದ ಬಟ್ಟಲು, ಮಬ್ಬು ಬೆಳಕು, ಮೇಲೆ ತಟ್ಟೆಯ ಮುಚ್ಚಳ. ಸಾಲದ್ದಕ್ಕೆ ಜನ ಕಣ್ಣು ಮುಚ್ಚಿ ಕುಡಿಯುವುದು ವಾಡಿಕೆ. 'ಬೈಬಲಿನ ಮದುವೆಮನೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದವನು ಪ್ರಭುವೇ ಅಲ್ಲವೇ? ತುಂಬುವುದಷ್ಟೇ ಆಳುಗಳ ಕೆಲಸ. ಮುಂದಿನದು ಅವನದು,' ಎಂದು ಶಾಸ್ತ್ರಾಧಾರವನ್ನೂ ಹುಡುಕಿಕೊಂಡ.

ಅಂದಿನ ಪ್ರಸಂಗದ, ಅಂದರೆ ಪಾದ್ರಿಯ ಬೋಧನೆಯ, ವಿಷಯ ಯಾರು ಆರಿಸಿದರೋ, ದೇವರೇ ಬಲ್ಲ. ಅಯೋಗ್ಯವಾಗಿ ಬಟ್ಟಲನ್ನು ಮುಟ್ಟುವವರಿಗೆ ಆಗುವ ಗತಿಯನ್ನು ಅಯ್ಯನವರು ತಮ್ಮ ಮೆತ್ತನೆಯ ದನಿಯಲ್ಲಿ ಅರ್ಧ ಗಂಟೆ ವಿವರಿಸಿದರು. ಅದು ಸಾಲದೆಂಬಂತೆ ಆ ಸಭೆಯಲ್ಲಿ ಒಂದು ಹಳೆಯ ಮಾತಿತ್ತು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಅಕ್ಕನೇ ಹೇಳಿಕೊಡುತ್ತಿದ್ದ ಮಾತು: "ಕಪಟದ ನಾಲಿಗೆಗೆ ಪ್ರಭುವಿನ ರಸ ಸಪ್ಪೆ." ಪೆನ್ಸಿಲು ಕದಿಯುವ ಮಕ್ಕಳನ್ನು ಹೆದರಿಸಲು ಹೇಳಿದ್ದು. ಆ ಮಕ್ಕಳೇ ಈಗ ಹೊಟ್ಟೆ, ಬೋಳುತಲೆ, ಕನ್ನಡಕಗಳ ಸಮೇತ ಬೆಂಚುಗಳ ಮೇಲೆ ಕೂತಿದ್ದರು.

ಅಯ್ಯನವರು ಕೈಯೆತ್ತಿದರು. ಐವತ್ತೆರಡು ಗಂಟಲು ಒಟ್ಟಿಗೆ ನುಂಗಿದವು.

ಆಮೇಲಿನ ಮೌನ ಆ ಕಟ್ಟಡ ಕಂಡು ಕೇಳರಿಯದ್ದು. ಪ್ರತಿಯೊಬ್ಬರೂ ಓರೆಗಣ್ಣಿನಿಂದ ಪಕ್ಕದವರನ್ನು ನೋಡಿದರು. ಪಕ್ಕದವರು ರಸ ಕುಡಿದವರ ಮುಖವನ್ನೇ ಮಾಡಿಕೊಂಡಿದ್ದರು. ಕೂಡಲೇ ತಾವೂ ಅದೇ ಮುಖ ಮಾಡಿಕೊಂಡರು. ಅಯ್ಯನವರು ಖಾಲಿ ಬಟ್ಟಲಿನ ತಳವನ್ನು ಬಾವಿಗೆ ಬಗ್ಗಿದವರಂತೆ ನೋಡುತ್ತ ನಿಂತರು. ಕೊನೆಯ ಕೀರ್ತನೆಯನ್ನು ಎಲ್ಲರೂ ಎಂದಿಗಿಂತ ಜೋರಾಗಿ ಹಾಡಿದರು. ಕಳ್ಳನನ್ನು ಹಿಡಿಯಿರಿ ಎಂದು ಕಳ್ಳನೇ ಕೂಗುವ ಹಾಗೆ.

ಹನಿಯಣ್ಣ ಮನೆಗೆ ಬಂದು ಬಯ್ಗಳಕ್ಕೆ ತಲೆ ಬಗ್ಗಿಸಿ ಸಿದ್ಧನಾಗಿ ಕೂತ. ಅಕ್ಕ ಬಂದಳು. ಚಪ್ಪಲಿ ಬಿಟ್ಟಳು. ಗೋಡೆ ಹಿಡಿದು ಒಳಗೆ ಹೋದಳು. ಒಳಗಿಂದಲೇ ಅಂದಳು:

"ರಸ ಚೆನ್ನಾಗಿತ್ತು ಕಣೋ."

ಹನಿಯಣ್ಣನಿಗೆ ಭೂಮಿ ಒಂದು ಸುತ್ತು ತಿರುಗಿತು. ಇದಕ್ಕೆ ಮೂರು ಅರ್ಥ ಸಾಧ್ಯ. ಒಂದು, ಅಕ್ಕ ಹಂಗಿಸುತ್ತಿದ್ದಾಳೆ. ಆದರೆ ಅಕ್ಕ ಬಯ್ಯುವುದಾದರೆ ನೇರ ಬಯ್ಯುವವಳು. ಎರಡು, ವಯಸ್ಸಾಗಿ ನಾಲಿಗೆ ಕೆಟ್ಟಿದೆ. ಮೂರು, ಐವತ್ತೆರಡು ಬಟ್ಟಲುಗಳಲ್ಲಿ ಅಕ್ಕನ ಬಟ್ಟಲೊಂದು ನಿಜವಾಗಿ ರಸವಾಯಿತು. ದಾರಿ ಮೂರಿದ್ದರೆ ಇಳಿಜಾರಿನದನ್ನೇ ಹಿಡಿಯುವುದರಲ್ಲಿ ಕೊಳವೆಯ ನೀರಿಗೂ ಮನುಷ್ಯನಿಗೂ ಏನೂ ವ್ಯತ್ಯಾಸವಿಲ್ಲ. ಹನಿಯಣ್ಣ ಮೂರನೆಯದನ್ನು ಹಿಡಿದ. ಹಿಡಿದವನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಸಿಕ್ಕಿದ ಮಾತನ್ನು ಯಾರಾದರೂ ಕಸಿದುಕೊಂಡಾರೆಂದು ಬಾಯಿ ಮುಚ್ಚಿ ಕೂತ.

ಸೋಮವಾರ ಕ್ಷೌರದಂಗಡಿಯಲ್ಲಿ ಕುರ್ಚಿಯ ಮೇಲೆ ಒರಗಿದ್ದ. ಗಂಟಲ ಮೇಲೆ ಕತ್ತಿ ಓಡುತ್ತಿತ್ತು. ತಟ್ಟನೆ ನಿಂತಿತು.

"ಹನಿಯಣ್ಣಾ, ನಿನಗೆ ಹನಿಯಣ್ಣ ಅಂತ ಹೆಸರಿಟ್ಟಿದ್ದು ನಾನೇ," ಎಂದ ಕ್ಷೌರದವನು.

"ಆಂ?"

"ಅಲ್ಲಾಡಬೇಡ, ಕತ್ತಿ ಇದೆ. ತಪ್ಪೊಪ್ಕೊಳ್ತಿದ್ದೀನಿ. ಇಪ್ಪತ್ತು ವರ್ಷದಿಂದ ನಿನ್ನ ಆಡ್ಕೊಂಡು ನಗಾಡ್ತಿದ್ದೀನಿ. ನಿನ್ನ ನಿಜವಾದ ಹೆಸರು ಊರಿಗೇ ಮರೆತುಹೋಯ್ತು."

"ಹೋಗ್ಲಿ ಬಿಡು ಮಾರಾಯ..."

"ಹೋಗ್ಲಿ ಬಿಡು ಅಂದ್ರೆ ಆಗಲ್ಲ. ಕ್ಷಮಿಸಿದ್ದೀನಿ ಅನ್ನು!" ಕತ್ತಿ ಅರ್ಧ ಬೆರಳು ಮೇಲೇರಿತು.

"ಕ್ಷಮಿಸಿದ್ದೀನಿ! ಕ್ಷಮಿಸಿದ್ದೀನಿ!"

"ನಿಜವಾದ ಹೆಸರೇನಿತ್ತು?" ಎಂದು ಕ್ಷೌರದವನು ಕಣ್ಣೊರೆಸಿಕೊಂಡು ಕೇಳಿದ. ಗಾಬರಿಯಲ್ಲಿ ಹನಿಯಣ್ಣನಿಗೂ ಚಟ್ಟನೆ ನೆನಪಾಗಲಿಲ್ಲ.

ಬುಧವಾರ ಓರಗಿತ್ತಿಯರ ಮನೆಯಿಂದ ಕರೆ ಬಂತು. ಅಣ್ಣತಮ್ಮಂದಿರ ಹೆಂಡಿರಿಬ್ಬರೂ ಒಂದೇ ಅಂಗಳದ ಎರಡು ಮನೆಗಳಲ್ಲಿದ್ದು ಆರು ವರ್ಷಗಳಿಂದ ಮಾತು ಬಿಟ್ಟವರು. ಅಂಗಳದ ನಲ್ಲಿ ಇಬ್ಬರಿಗೂ ಸೇರಿದ್ದು. ಹನಿಯಣ್ಣ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಗ ಇಬ್ಬರೂ ತಮ್ಮ ತಮ್ಮ ಬಾಗಿಲಿಂದ ಒಟ್ಟಿಗೆ ಹೊರಬಂದರು.

"ತಂಗೀ, ತಪ್ಪೆಲ್ಲ ನಂದೇ," ಎಂದಳು ಹಿರಿಯಾಕೆ.

"ಇಲ್ಲಕ್ಕಾ, ನಂದು."

"ನಂದು ಅಂತ ಹೇಳಿದ್ನಲ್ಲ. ಅತ್ತೆ ಹತ್ರ ಚಾಡಿ ಹೇಳಿದ್ದು ನಾನು."

"ನೀವು ಹೇಳಿದ್ದು ಒಂದು ಸಲ. ನಾನು ಹೇಳಿದ್ದು ವರ್ಷಗಟ್ಲೆ."

"ಒಂದು ಸಲ ಅಂತ ನಿನಗ್ಯಾರು ಹೇಳಿದ್ದು? ನಿನ್ನ ಒಗೆದ ಬಟ್ಟೆಗೆ ಮಸಿ ಹಚ್ಚಿದ್ದೂ ನಾನೇ!"

"ನಿಮ್ಮ ಬಟ್ಟೆ ಹಗ್ಗ ಕತ್ತರಿಸಿದ್ದು ನಾನು!"

"ನೋಡಿದ್ಯಾ ಹನಿಯಣ್ಣಾ? ತಪ್ಪಲ್ಲೂ ಇವಳೇ ಮುಂದೆ ಇರ್ಬೇಕು! ಹಿರಿಯಳು ನಾನು, ಪಾಪಾನೂ ದೊಡ್ಡದು ನಂದೇ!"

ಹನಿಯಣ್ಣ ಸ್ಪ್ಯಾನರು ಹಿಡಿದು ನಡುವೆ ನಿಂತ. ಕಾಲು ಗಂಟೆಯ ಹೊಯ್‌ಕೈ ಆದ ಮೇಲೆ ಇಬ್ಬರೂ ತಬ್ಬಿಕೊಂಡು ಗೊಳೋ ಎಂದು ಅತ್ತರು. ಅವನಿಗೂ ಅಳು ಬಂತು. ಅಂದು ಹೊರಟಾಗ ಹಿಂದೆ 'ಟಪ್' ಎಂದಿತೋ ಇಲ್ಲವೋ, ಯಾರಿಗೂ ಕೇಳಿಸಲಿಲ್ಲ.

ಹೀಗೇ ಊರಿಗೆ ಊರೇ ಶುಚಿಯಾಗತೊಡಗಿತು. ನಿವೃತ್ತ ಹೆಡ್‌ಮಾಸ್ಟರು, ಸಭೆಯ ಹಿರಿಯರಲ್ಲಿ ಹಿರಿಯರು, ಹನ್ನೊಂದು ವರ್ಷದ ಹಿಂದೆ ಚರ್ಚಿನ ಬಾಗಿಲಲ್ಲಿ 'ಬದಲಾದ' ಕೊಡೆಯನ್ನು ಅದರ ಒಡೆಯನ ಮನೆಗೆ ಹೊತ್ತುಕೊಂಡು ಹೋಗಿ, ಅದು ಬದಲಾದದ್ದಲ್ಲ, ಬದಲಾಯಿಸಿಕೊಂಡದ್ದು ಎಂದು ಹೇಳಿ ಬಂದರು. ಶುಕ್ರವಾರ ಅಯ್ಯನವರು ಅಡುಗೆಮನೆಯ ನಲ್ಲಿಯ ನೆಪ ಹೇಳಿ ಹನಿಯಣ್ಣನನ್ನು ಕರೆಸಿದರು.

"ಹನಿಯಣ್ಣಾ, ರಸ... ನೀವೇ ಮಾಡಿದ್ದಲ್ವಾ?"

ಈಗ ಹೇಳಿಬಿಡೋಣ ಎಂದು ಹನಿಯಣ್ಣ ಬಾಯಿ ತೆರೆದ. "ಅಯ್ಯನವರೇ, ಅದು..."

"ಬೇಡ, ನೀವು ಹೇಳೋದು ಬೇಡ. ನಾನೇ ಹೇಳ್ತೀನಿ. ಒಂಬತ್ತು ವರ್ಷದಿಂದ ನಾನು ಮಾಡ್ತಿರೋ ಪ್ರಸಂಗಗಳು ನನ್ನವಲ್ಲ. ಹಿಂದಿದ್ದ ಅಯ್ಯನವರು ಬಿಟ್ಟುಹೋದ ನೋಟ್‌ಬುಕ್ಕಿನವು."

"ಅವರದೂ ಚೆನ್ನಾಗೇ ಇತ್ತಲ್ಲ," ಎಂದ ಹನಿಯಣ್ಣ, ಸಮಾಧಾನಕ್ಕೆ.

ಅಯ್ಯನವರು ಮುಖ ಮುಚ್ಚಿಕೊಂಡರು. ಮುಂದಿನ ಭಾನುವಾರ ಅವರು ಮೊದಲ ಬಾರಿಗೆ ಸ್ವಂತ ಪ್ರಸಂಗ ಮಾಡಿದರು. ಅದು ನಾಲ್ಕು ನಿಮಿಷದಲ್ಲಿ ಮುಗಿಯಿತು. ಸಭೆ ಇಷ್ಟು ಸಂತೋಷದಿಂದ ಮನೆಗೆ ಹೋದದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ಇಷ್ಟೆಲ್ಲ ಒಳ್ಳೆಯದು ನಡೆಯುತ್ತಿರುವಾಗ ಬಾಯಿಬಿಟ್ಟರೆ ಪಾಪವಲ್ಲವೇ? ಹನಿಯಣ್ಣನಿಗೆ ಹಾಗನ್ನಿಸಿತು. ಬರಬರುತ್ತ ತಾನು ಕೇವಲ ನಲ್ಲಿ ರಿಪೇರಿಯವನಲ್ಲ ಎಂದೂ ಅನ್ನಿಸತೊಡಗಿತು. ಹೊಸ ಜಾಡಿ ಕೊಂಡ. ದ್ರಾಕ್ಷಿಗೆ ದಿನಸಿ ಅಂಗಡಿಗೆ ಹೋದ. ಅಂಗಡಿಯಮ್ಮ ಪೊಟ್ಟಣ ಕಟ್ಟುತ್ತ ಕೇಳಿದಳು:

"ನಿಮ್ಮಕ್ಕ ಜೊತೆಗೆ ಒಂದು ತುಂಡು ತೆಳು ಬಟ್ಟೆ ತಗೊಂಡು ಹೋಗ್ತಿದ್ರು. ನೀವು ಕೇಳೋದೇ ಇಲ್ವಲ್ಲ?"

"ಬಟ್ಟೆ ಯಾತಕ್ಕೆ?"

"ಜಾಡಿ ಬಾಯಿಗೆ ಕಟ್ಟೋಕೆ. ಬಿಗಿಯಾಗಿ ಮುಚ್ಚಿದ್ರೆ ಸಿಡಿಯುತ್ತಲ್ರೀ! ಉಸಿರಾಡ್ಬೇಕು ಅದು. ಅಕ್ಕ ಹೇಳ್ಲಿಲ್ವಾ?"

"ಹೇಳಿದ್ಲು, ಹೇಳಿದ್ಲು," ಎಂದ ಹನಿಯಣ್ಣ. ದಾರಿಯುದ್ದಕ್ಕೂ ಯೋಚಿಸಿದ. ಪಾಪ, ವಯಸ್ಸು. ಮರೆತಿದ್ದಾಳೆ.

ಈ ನಡುವೆ ಅಕ್ಕ ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದಳು. ಹೊಲಿಗೆ ಯಂತ್ರಕ್ಕೆ ಹೊದಿಸಿದ ಬಟ್ಟೆ ತೆಗೆಯುತ್ತಲೇ ಇರಲಿಲ್ಲ. ಭಾನುವಾರದ ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು. ಕಿಟಕಿಯ ಹತ್ತಿರ ಕೂತು ತುಟಿ ಅಲ್ಲಾಡಿಸುತ್ತಿದ್ದಳು; ಪ್ರಾರ್ಥನೆಯಂತಿತ್ತು, ಆದರೆ 'ಆಮೆನ್' ಬರುತ್ತಲೇ ಇರಲಿಲ್ಲ. ಹನಿಯಣ್ಣ ಇದನ್ನು ನೋಡಲಿಲ್ಲವೇ? ನೋಡಿದ. ನೀರು ರಸವಾದ ಬಾಯಿಗೆ ಅನ್ನ ರುಚಿಸದಿರುವುದು ಸಹಜ ಎಂದುಕೊಂಡ. ಪವಿತ್ರರಿಗೆ ಹಸಿವು ಕಡಿಮೆ ಎಂದುಕೊಂಡ. ಇಷ್ಟು ದಡ್ಡತನಕ್ಕೆ ಅವನನ್ನು ಬಯ್ಯುವವರು ಬಯ್ಯಬಹುದು. ಆಮೇಲೆ ಅವನೇ ತನ್ನನ್ನು ಬಯ್ದುಕೊಂಡಷ್ಟು ಯಾರೂ ಬಯ್ಯಲಾರರು.

ಮುಂದಿನ ಪ್ರಭುಭೋಜನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ. ಹನಿಯಣ್ಣ ಬಟ್ಟಲುಗಳನ್ನು ಮನೆಗೆ ತಂದು ಬೂದಿ ಹಾಕಿ ತಿಕ್ಕುತ್ತಿದ್ದ.

"ನಾಳೆ ನಾನು ಬರಲ್ಲ," ಎಂದಳು ಅಕ್ಕ.

"ಮೊಣಕಾಲು ನೋವಾ?"

"ಮೊಣಕಾಲಿಗೇನೂ ಆಗಿಲ್ಲ." ಅಕ್ಕ ಒಂದು ಬಟ್ಟಲನ್ನು ಬೋರಲು ಹಾಕಿದಳು. "ಹೋದ ತಿಂಗಳು ನನಗೆ ಸಿಕ್ಕಿದ್ದು ನೀರು ಕಣೋ."

ಹನಿಯಣ್ಣನ ಕೈಯಿಂದ ಬಟ್ಟಲು ಜಾರಿತು. "ಚೆನ್ನಾಗಿತ್ತು ಅಂದ್ಯಲ್ಲ?"

"ಮತ್ತಿನ್ನೇನು ಹೇಳ್ಲಿ? ಎಲ್ಲರೂ ರಸ ಕುಡಿದು ಕೂತಿದ್ದಾರೆ, ನನಗೊಬ್ಬಳಿಗೆ ನೀರು. ನೀನು ಮೊದಲನೇ ಸಲ ಮಾಡಿದ್ದೆ. ನಿನ್ನ ಮುಖ ನೋಡಿ ಹೇಳೋಕಾಗುತ್ತಾ? ತಪ್ಪು ನಿನ್ನ ರಸದಲ್ಲಿರ್ಲಿಲ್ಲ, ನನ್ನ ನಾಲಿಗೇಲಿತ್ತು."

"ಅಕ್ಕ, ಕೇಳಿಲ್ಲಿ..."

"ನೀನು ಕೇಳು. ಜಾಡಿ ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ಅದನ್ನ ನಿನಗೆ ಹೇಳ್ಲಿಲ್ಲ."

"ನೀನು ಮರೆತಿದ್ದೆ, ಬಿಡು. ವಯಸ್ಸು."

"ಮರೆತಿರ್ಲಿಲ್ಲ." ಅಕ್ಕ ಅವನತ್ತ ನೋಡದೆ ಹೇಳಿದಳು. "ಬೇಕೂಂತ್ಲೇ ಬಿಟ್ಟೆ. ಮೂವತ್ತೊಂದು ವರ್ಷ ಮಾಡಿದ್ದೀನಿ. ಒಂದು ಸಲ ಚೆಲ್ಲಿದೆ ಅಂತ ಕಿತ್ಕೊಂಡ್ರು. ನಿಂದು ಒಂದಿಷ್ಟು ಉಕ್ಲಿ, ಕೆಡ್ಲಿ, 'ಅಕ್ಕಾ ನೀವೇ ಬೇಕು' ಅಂತ ಬಂದು ಕರೀಲಿ ಅಂತ ಆಸೆಪಟ್ಟೆ. ನನ್ನ ತಮ್ಮನ ಕೆಲಸ ಕೆಡ್ಲಿ ಅಂತ. ಅದಕ್ಕೇ ನನ್ನ ಬಾಯಿಗೆ ನೀರಾಯ್ತು."

ಹನಿಯಣ್ಣ ಅಕ್ಕನ ಕೈ ಹಿಡಿದು ಎಬ್ಬಿಸಿ ಶೆಡ್ಡಿಗೆ ಕರೆದುಕೊಂಡು ಹೋದ. ಗೋಡೆ ತೋರಿಸಿದ. ಶೆಡ್ಡಿನ ಮಬ್ಬಿನಲ್ಲಿ ಕಣ್ಣು ಸರಿಯಾಗಿ ಕಾಣದ ಅಕ್ಕ ಅಂಗೈಯಿಂದ ಸವರಿದಳು. ಒಣಗಿದ ದ್ರಾಕ್ಷಿಸಿಪ್ಪೆ ಬೆರಳಿಗೆ ಸಿಕ್ಕಿತು.

"ಜಾಡಿ ಸಿಡೀತು ಅಕ್ಕ. ಆವತ್ತು ಬೆಳಿಗ್ಗೇನೇ. ಎಲ್ಲರಿಗೂ ನೀರೇ ಕೊಟ್ಟಿದ್ದು. ಅಯ್ಯನವರಿಗೂ."

ಅಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕೊಳವೆಗಳ ರಾಶಿಗೆ ಒರಗಿ ನಕ್ಕಳು. ಓರಗಿತ್ತಿಯರನ್ನೂ ಕೊಡೆಯನ್ನೂ ನಾಲ್ಕು ನಿಮಿಷದ ಪ್ರಸಂಗವನ್ನೂ ನೆನೆದು ನೆನೆದು ನಕ್ಕಳು. ಹನಿಯಣ್ಣನೂ ನಕ್ಕ, ಬದುಕಿದೆ ಎಂದುಕೊಂಡ. ಆಮೇಲೆ ನಗು ನಿಂತಿತು.

"ಇಪ್ಪತ್ತೇಳು ದಿನ ಆಯ್ತು ಕಣೋ," ಎಂದಳು ಅಕ್ಕ. "ದೇವರು ನನ್ನನ್ನ ಬಿಟ್ಟ ಅಂದ್ಕೊಂಡು ಇಪ್ಪತ್ತೇಳು ದಿನ ಕೂತಿದ್ದೀನಿ. ಪಕ್ಕದ ಕೋಣೇಲೇ ಇದ್ದೆಯಲ್ಲೋ ನೀನು. ಆವತ್ತೇ ಹೇಳಿದ್ರೆ ಎರಡು ಬಯ್ದು ಮರೀತಿದ್ದೆ."

"ನೀನು ಚೆನ್ನಾಗಿತ್ತು ಅಂದೆ... ಅದಕ್ಕೇ..." ಎಂದ ಹನಿಯಣ್ಣ. ಹೇಳುತ್ತಿರುವಾಗಲೇ ಆ ಮಾತು ಎಷ್ಟು ಸಣ್ಣದೆಂದು ಅವನ ಕಿವಿಗೇ ಕೇಳಿಸಿತು.

ಮರುದಿನ ಇಬ್ಬರೂ ನಿರ್ಧರಿಸಿಕೊಂಡೇ ಚರ್ಚಿಗೆ ಹೋದರು. ಪ್ರಸಂಗ ಮುಗಿದೊಡನೆ ಹನಿಯಣ್ಣ ಎದ್ದು ಮುಂದೆ ಬಂದ.

"ಹೋದ ತಿಂಗಳು ಬಟ್ಟಲಲ್ಲಿ ಇದ್ದದ್ದು ನೀರು. ನಲ್ಲಿ ನೀರು. ನಾನೇ ತುಂಬಿದ್ದು. ನಿಮ್ಮದ್ಯಾರದೂ ತಪ್ಪಿಲ್ಲ. ನನ್ನನ್ನ ಕ್ಷಮಿಸಿ."

ಹಿರಿ ಓರಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಂಥ ಮನುಷ್ಯ ನೋಡೇ! ನಮ್ಮ ಪಾಪಾನೆಲ್ಲ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾನೆ."

"ನಮ್ಮಕ್ಕ ಹೇಳೋದು ಸರಿ," ಎಂದು ಕಿರಿಯಾಕೆ ಆರು ವರ್ಷದಲ್ಲಿ ಮೊದಲ ಸಲ ಅವಳ ಮಾತನ್ನು ಒಪ್ಪಿದಳು.

"ಇಲ್ಲಮ್ಮಾ, ನಿಜವಾಗ್ಲೂ ನೀರು!"

ಹೆಡ್‌ಮಾಸ್ಟರು ಎದ್ದು ನಿಂತರು. "ನೋಡಪ್ಪಾ, ತರ್ಕ ಬೇಕು. ನೀರಾಗಿದ್ದಿದ್ರೆ ಐವತ್ತೆರಡು ಜನರಲ್ಲಿ ಒಬ್ಬರಾದ್ರೂ ಆವತ್ತೇ ಎದ್ದು ಹೇಳ್ತಿರ್ಲಿಲ್ವಾ?"

ಅಕ್ಕ ಬೆಂಚು ಹಿಡಿದು ಎದ್ದಳು. "ಅವನು ಹೇಳ್ತಿರೋದು ನಿಜ. ತಪ್ಪು ನಂದೂ ಇದೆ."

"ಹೆತ್ತ ತಾಯಿಗಿಂತ ಹೆಚ್ಚು ಈ ಅಕ್ಕ," ಎಂದು ಕ್ಷೌರದವನು ಮೂಗೊರೆಸಿಕೊಂಡ. ಅಯ್ಯನವರು ಮಾತ್ರ ಹನಿಯಣ್ಣನ ಮುಖವನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಗಿರಬೇಕು. ಆದರೆ ಮೆತ್ತಗೆ, "ಕೂತ್ಕೊಳ್ಳಿ ಹನಿಯಣ್ಣಾ," ಎಂದರು ಅಷ್ಟೆ. ಹೀಗೆ ಆ ಸಭೆಯಲ್ಲಿ ಎಲ್ಲರಿಗೂ ಕ್ಷಮೆ ಸಿಕ್ಕಿತ್ತು. ಇವರಿಬ್ಬರ ತಪ್ಪನ್ನು ಮಾತ್ರ ಯಾರೂ ತಪ್ಪೆಂದು ಒಪ್ಪಲಿಲ್ಲ.

ಹೆಡ್‌ಮಾಸ್ಟರು ಇನ್ನೂ ನಿಂತೇ ಇದ್ದರು.

"ಇನ್ನೊಂದು ಮಾತು. ಈ ಮನೆಯ ರಸ ಬಹಳ ಬಲವಾದದ್ದು. ಅದರ ಮಹಿಮೆ ನಾವೆಲ್ಲ ಕಂಡಿದ್ದೀವಿ. ಆದ್ರೆ ತಿಂಗಳಿಗೊಂದು ಸಲ ಹೀಗೆ ಪರೀಕ್ಷೆ ಅಂದ್ರೆ... ನಾವೂ ಸಂಸಾರಸ್ಥರು. ಹಿರಿಯರೆಲ್ಲ ಸೇರಿ ಬಾಟಲಿ ತರಿಸಿದ್ದೀವಿ. ಕಾರ್ಖಾನೆಯ ದ್ರಾಕ್ಷಿ ಶರಬತ್ತು. ಎಲ್ಲರಿಗೂ ಒಂದೇ ರುಚಿ. ಇನ್ನು ಮೇಲೆ ಅದೇ ಸಾಕು ಅನ್ನೋರು ಕೈ ಎತ್ತಿ."

ಬೆಂಕಿ ಬಿದ್ದ ಮನೆಯಿಂದಲೂ ಜನ ಅಷ್ಟು ಬೇಗ ಓಡಿರಲಾರರು, ಅಷ್ಟು ಬೇಗ ಕೈಗಳು ಮೇಲೆದ್ದವು. ಎರಡು ಕೈ ಮಾತ್ರ ಮಡಿಲಲ್ಲೇ ಉಳಿದವು. ಅವನ್ನು ಯಾರೂ ಎಣಿಸಲಿಲ್ಲ.

ಅಕ್ಕ ಅಂದು ಬಟ್ಟಲು ತೆಗೆದುಕೊಂಡಳು. ಕಣ್ಣು ಮುಚ್ಚಿ ಕುಡಿದಳು. ಅವಳ ಮುಖದಲ್ಲಿ ಏನೂ ತಿಳಿಯಲಿಲ್ಲ. ಆರಾಧನೆ ಮುಗಿದ ಮೇಲೆ ಬೀರುವಿನ ಬೀಗದ ಕೈಯನ್ನು ಹೆಡ್‌ಮಾಸ್ಟರರೇ ಗೌರವದಿಂದ ಇಸಿದುಕೊಂಡರು.

ಮನೆಗೆ ಬಂದಾಗ, ಸಭೆ ಕ್ಷಮಿಸಿದ ಮೇಲೆ ತರೋಣವೆಂದು ಬಿಟ್ಟುಹೋಗಿದ್ದ ಹೊಸ ಜಾಡಿ ಅಡುಗೆಮನೆಯ ಮೂಲೆಯಲ್ಲಿತ್ತು. ಬಾಯಿಗೆ ತೆಳು ಬಟ್ಟೆ, ಸಡಿಲವಾದ ದಾರ. ಐವತ್ತೆರಡು ಜನರಿಗಾಗುವಷ್ಟು ರಸ. ಹನಿಯಣ್ಣ ಬಟ್ಟೆ ಬಿಚ್ಚಿ, ಸೋಸಿ, ಎರಡು ಸ್ಟೀಲು ಲೋಟಕ್ಕೆ ಬಗ್ಗಿಸಿದ. ಕಡುಕೆಂಪು, ತಿಳಿಯಾಗಿತ್ತು. ತಾನು ಒಂದು ಗುಟುಕು ಕುಡಿದ. ಒಳ್ಳೆಯದೋ ಕೆಟ್ಟದ್ದೋ ಅವನಿಗೆ ಗೊತ್ತಾಗಲಿಲ್ಲ. ಅವನಿಗೆ ಅದನ್ನು ಅಳೆಯಲು ಗೊತ್ತಿದ್ದದ್ದು ಒಂದೇ ಅಳತೆ. ಅದು ಎದುರಿಗೆ ಕೂತು ಲೋಟ ಎತ್ತುತ್ತಿತ್ತು.

ಅಕ್ಕ ನಿಧಾನವಾಗಿ ಕುಡಿದಳು. ನಾಲಿಗೆ ಆಡಿಸಿದಳು. ಇನ್ನೊಂದು ಗುಟುಕು ಕುಡಿದಳು.

"ಚೆನ್ನಾಗಿದೆ ಕಣೋ," ಎಂದಳು. "ನಾನು ಮಾಡ್ತಿದ್ದಕ್ಕಿಂತ ಚೆನ್ನಾಗಿದೆ."

ಹನಿಯಣ್ಣ ಅವಳ ಮುಖ ನೋಡಿದ.

"ನಿಜವಾಗ್ಲೂ?"

"ನಿಜವಾಗ್ಲೂ."

"ಹುಳಿ ಜಾಸ್ತಿಯಾಗಿದ್ರೆ ಹೇಳಕ್ಕ. ನನಗೇನೂ ಬೇಜಾರಿಲ್ಲ."

"ಹುಳಿ ಸರಿಯಾಗಿದೆ. ಸಿಹೀನೂ ಸರಿಯಾಗಿದೆ."

"ಹೋದ ಸಲಾನೂ ಹೀಗೇ ಅಂದಿದ್ದೆ."

ಅಕ್ಕನ ಲೋಟ ತುಟಿಯ ಹತ್ತಿರವೇ ನಿಂತಿತು. ಲೋಟ ಖಾಲಿ ಮಾಡಿ ಮುಂದೆ ಚಾಚಿದಳು. ಅವನು ತುಂಬಿದ. ಅದನ್ನೂ ಕುಡಿದಳು. ಕೈನಡುಕ ಕಂಡು ವೈದ್ಯರು ದ್ರಾಕ್ಷಾರಸ ಒಂದೇ ಗುಟುಕೆಂದು ಕಟ್ಟಪ್ಪಣೆ ಮಾಡಿದ್ದ ಅಕ್ಕ, ಎರಡನೆಯ ಲೋಟವನ್ನು ತಳ ಕಾಣುವವರೆಗೂ ಕುಡಿದು, ನಡುಗುವ ಕೈಯಿಂದ ತುಟಿ ಒರೆಸಿಕೊಂಡು ಮತ್ತೆ ಹೇಳಿದಳು:

"ಚೆನ್ನಾಗಿದೆ ಕಣೋ. ನಂಬು."

"ಹೂಂ," ಎಂದ ಹನಿಯಣ್ಣ. ಕಾಯಿಲೆಯವರು 'ಇವತ್ತು ಪರವಾಗಿಲ್ಲ' ಎಂದಾಗ ಪಕ್ಕದಲ್ಲಿ ಕೂತವರು ತಲೆಯಾಡಿಸುತ್ತಾರಲ್ಲ, ಹಾಗೆ ತಲೆಯಾಡಿಸಿದ. ಅಕ್ಕ ಮೂರನೆಯ ಸಲ ಲೋಟ ಚಾಚಿದಳು.